ಬಟ್ಟಿ ಕೂಡಿಸುವ ಕೈ

ಆಳಂದ
೯ ಫೆಬ್ರುವರಿ ೧೯೪೧

ತೀರ್ಥರೂಪ ಅಪ್ಪನವರಿಗೆ,

ಚಂದ್ರಾಮನ ನಮಸ್ಕಾರ. ಮತ್ತೆ ಇಲ್ಲಿನ ತೊಗರಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂತಿದ್ದೇನೆ. ಚೀಲ ಎತ್ತುವ ಕೆಲಸ ನನಗೆ ಬೇಡವೆಂದು ಸಾಹುಕಾರರೇ ಹೇಳಿದ್ದಾರೆ. ವಾಸ ಬುರಾನುದ್ದೀನನ ಕೋಣೆಯಲ್ಲಿ. ಅವನು ಇದೇ ಅಂಗಡಿಯಲ್ಲಿ ತೂಕ ಹಿಡಿಯುವವನು. ಹೋದ ವರ್ಷ ನಾನು ಎಲ್ಲಿದ್ದೆ ಎಂಬುದು ಈ ಊರಿನಲ್ಲಿ ಅವನೊಬ್ಬನಿಗೇ ಗೊತ್ತು.

ಉಳಿದವರಿಗೆ ನಾನೂ ನಿಮ್ಮ ಹಾಗೆ ಸೊಲ್ಲಾಪುರದ ಮಿಲ್ಲಿನಲ್ಲಿದ್ದೆನೆಂಬ ಕತೆಯನ್ನೇ ಹೇಳುತ್ತಾ ಬಂದಿದ್ದೇನೆ. ಬರುವಾಗ ಬಸ್ಸಿನಲ್ಲಿ ನಮ್ಮೂರ ಖಾದರಸಾಬ ಸಿಕ್ಕಿದ್ದ. ಮಿಲ್ಲಿನಲ್ಲಿ ಒಂದು ಮಗ್ಗಕ್ಕೆ ಎಷ್ಟು ಮಂದಿ ನಿಲ್ಲುತ್ತಾರೆ ಎಂದು ಕೇಳಿದ. ನಾನು ಬಾಯಿಗೆ ಬಂದದ್ದು ಹೇಳಿದೆ.

"ಅಷ್ಟು ಮಂದಿ ನಿಂತ್ರ ಅದು ಮಗ್ಗ ಅಲ್ಲೋ ತಮ್ಮಾ, ಉರುಸು" ಅಂದ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಆದರೆ ನನ್ನ ಕಣ್ಣಿಗೆ ಮಗ್ಗ ಎಲ್ಲಿ ಬರಬೇಕು? ಗುಡ್ಡದ ಮೇಲಿನ ಆ ದವಾಖಾನೆಯ ಉದ್ದನೆಯ ಪಡಸಾಲೆಯೇ ಬಂತು. ಸಾಲು ಮಂಚ, ಪ್ರತಿ ಮಂಚದ ಕೆಳಗೆ ಉಗುಳುವ ಡಬ್ಬಿ.

ಕೆಮ್ಮು ನಿಂತಿದೆ. ಆದರೂ ನನ್ನ ತಾಟು ನಾನೇ ತೊಳೆದು ಬೇರೆ ಇಡುತ್ತೇನೆ. ಯಾರಾದರೂ ಕೇಳಿದರೆ ಹರಕೆ ಎನ್ನುತ್ತೇನೆ.

ಈಗ ಹೊಸದೊಂದು ಶುರುವಾಗಿದೆ. ಸಂಕ್ರಾಂತಿಯಿಂದ ನಡು ನೋಯುತ್ತದೆ. ಹೊಕ್ಕಳದ ಎಡಕ್ಕೆ ಏನೋ ಬಡಿಯುತ್ತದೆ. ಅಂಗಾತ ಮಲಗಿದರೆ ಧೋತರದ ನಿರಿಗೆ ಏಳುವುದು, ಬೀಳುವುದು ಕಣ್ಣಿಗೇ ಕಾಣುತ್ತದೆ. ಸಂಜೆ ಮೈ ಬಿಸಿಯಾಗುತ್ತದೆ. ಇದು ಅದರದೇ ಬಾಲವೇನೋ ಎಂದು ಅಂಜಿಕೆ.

ತಂಗಿ ಗುರಮ್ಮನಿಗೆ ಹೇಳಬೇಡಿ. ಜೇವರ್ಗಿಯ ಸಂಬಂಧ ಎಲ್ಲಿಗೆ ಬಂತು?

ನಿಮ್ಮ ಮಗ
ಚಂದ್ರಾಮ

---

ಅಫಜಲಪುರ
೨೦ ಫೆಬ್ರುವರಿ ೧೯೪೧

ಚಿರಂಜೀವಿ ಚಂದ್ರಾಮನಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಮೊದಲ ಸಲ ಓದಿದಾಗ ಎದೆ ಧಸಕ್ಕೆಂದಿತು. ಎರಡನೇ ಸಲ ಓದಿದಾಗ ನಗು ಬಂತು. ಹುಚ್ಚಾ, ಅದು ಬಟ್ಟಿ. ಹೊಕ್ಕಳದ ನಟ್ಟನಡುವೆ ಬಡಿಯಬೇಕಾದ ನಾಡಿ ಎಡಕ್ಕೆ ಸರಿದಿದೆ. ಬಟ್ಟಿ ಕೂಡಿಸುವವನ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಇಷ್ಟು ತಿಳಿಯಲಿಲ್ಲವೇ? ಸಾಹುಕಾರ ಬೇಡವೆಂದರೂ ನೀನು ಎಲ್ಲೋ ಚೀಲಕ್ಕೆ ಕೈ ಹಚ್ಚಿದ್ದೀಯ.

ಹೋದ ವಾರ ಹೊಳೆಯಾಚೆಯಿಂದ ಮರೆಮ್ಮ ಎಂಬಾಕೆ ಗಾಡಿಯಲ್ಲಿ ಮಲಗಿಕೊಂಡೇ ಬಂದಳು. ನರಳುವುದು ಊರ ಅಗಸೆ ಬಾಗಿಲವರೆಗೆ ಕೇಳಿಸುತ್ತಿತ್ತು. ಬರಿ ಹೊಟ್ಟೆಯಲ್ಲಿ ಮಲಗಿಸಿ, ಹೊಕ್ಕಳದಿಂದ ಎರಡೂ ಎದೆಯವರೆಗೆ ದಾರ ಹಿಡಿಸಿ ನೋಡಿದರೆ ಒಂದು ಕಡೆ ನಾಲ್ಕು ಬೆರಳು ಕಡಿಮೆ. ಔಡಲೆಣ್ಣೆ ಹಚ್ಚಿ ತಿಕ್ಕಿ ಕೂಡಿಸಿದೆ. ಹೋಗುವಾಗ ಗಂಡನನ್ನು ಗಾಡಿಯಲ್ಲಿ ಕೂರಿಸಿ ತಾನು ಎತ್ತಿನ ಮುಂದೆ ನಡೆದಳು, ದಾರಿಯುದ್ದಕ್ಕೂ ಅವನನ್ನು ಬೈಯುತ್ತಾ. ಕೈಗೆ ಇದಕ್ಕಿಂತ ದೊಡ್ಡ ಇನಾಮು ಯಾವುದು?

ನಿನ್ನದೂ ಹಾಗೇ ಕೂಡುತ್ತದೆ. ಮತ್ತೆ ಇದು ಒಳ್ಳೆಯ ಹೊತ್ತಿಗೇ ಬಂದಿದೆ. ಜೇವರ್ಗಿಯ ದೌಲತರಾಯರು ಮಗ ಖಂಡಪ್ಪನಿಗೆ ನಮ್ಮ ಗುರಮ್ಮನನ್ನು ನೋಡಲು ಹೋಳಿ ಹುಣ್ಣಿಮೆಯಾದ ಮೂರನೇ ದಿನ ಬರುತ್ತಾರೆ. ಹುಡುಗಿಯ ಅಣ್ಣ ಯಾಕೆ ಅಷ್ಟು ಸೊರಗಿದ್ದಾನೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದಾರಂತೆ. ಏನು ಉತ್ತರ ಕೊಡಲಿ ಎಂದು ಕೊರಗುತ್ತಿದ್ದೆ. ಈಗ ಉತ್ತರ ಸಿಕ್ಕಿತು. ಅಂದೇ ಬಾ. ಬರಿ ಹೊಟ್ಟೆಯಲ್ಲಿ ಇರು. ಎಲ್ಲರ ಎದುರಿಗೆ ಪಡಸಾಲೆಯಲ್ಲಿ ಮಲಗಿಸಿ ಕೂಡಿಸುತ್ತೇನೆ. ಹುಡುಗನಿಗೆ ಬಟ್ಟಿ ಸರಿದಿತ್ತು, ಅದಕ್ಕೇ ಸೊರಗಿದ್ದ ಎಂದು ಅವರೇ ಹೇಳಿಕೊಂಡು ಹೋಗಲಿ.

ಹೋದ ವರ್ಷದ ಮಾತನ್ನು ಕಾಗದದಲ್ಲಿ ಬರೆಯಬೇಡ. ನಮ್ಮ ಟಪಾಲಿನವನಿಗೆ ಕಾಗದವನ್ನು ಬಿಸಿಲಿಗೆ ಹಿಡಿದು ನೋಡುವ ಚಟ. ಆ ರೋಗದ ಹೆಸರು ಈ ಮನೆಗೆ ಹತ್ತಿದರೆ, ತಮ್ಮ ಹೊಟ್ಟೆಯ ಮೇಲೆ ನನ್ನ ಕೈ ಇಡಲು ಯಾರು ಬಿಟ್ಟಾರು?

ಧರ್ಮಣ್ಣ

---

ಆಳಂದ
೫ ಮಾರ್ಚ್ ೧೯೪೧

ತೀರ್ಥರೂಪ ಅಪ್ಪನವರಿಗೆ,

ನೀವು ಬೇಡವೆಂದದ್ದನ್ನೇ ಬರೆಯುತ್ತಿದ್ದೇನೆ. ಲಕೋಟೆಗೆ ಒಳಗಿನಿಂದ ಕರಿ ಕಾಗದ ಅಂಟಿಸಿದ್ದೇನೆ. ಟಪಾಲಿನವ ಎಷ್ಟು ಬಿಸಿಲಿಗೆ ಹಿಡಿದರೂ ಕಾಣುವುದಿಲ್ಲ.

ನಿಮ್ಮ ಕಾಗದ ಬಂದಾಗ ನನಗೂ ಜೀವ ಬಂದಿತ್ತು. ಬುರಾನುದ್ದೀನ ಮಾತ್ರ ಒಪ್ಪಲಿಲ್ಲ. ನನ್ನನ್ನು ಸೊಲ್ಲಾಪುರದ ದೊಡ್ಡ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಯಾರು ನೀವು ಎಂದು ಕೇಳಿದ್ದಕ್ಕೆ ಅಣ್ಣ ಎಂದ. ಅವನ ಟೊಪ್ಪಿಗೆ, ನನ್ನ ಹಣೆಯ ವಿಭೂತಿ ಎರಡನ್ನೂ ನೋಡಿ ಅವರು ಮತ್ತೆ ಕೇಳಲಿಲ್ಲ.

ಡಾಕ್ಟರರು ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಕಲಿಯುವ ಹುಡುಗರನ್ನು ಕರೆಸಿದರು. ಒಬ್ಬೊಬ್ಬನೂ ಬಂದು ಮುಟ್ಟಿ ನೋಡಿದ. ಒಬ್ಬನ ಮುಖದಲ್ಲಿ ಸಂತೋಷವೇ ಇತ್ತು, ಅಪರೂಪದ ಹಕ್ಕಿ ಕಂಡವನ ಹಾಗೆ. ನಾನು ಗೋಡೆಯ ಕಡೆ ಮುಖ ಮಾಡಿದೆ.

ಎಕ್ಸರೇ ಫೋಟೋ ತೆಗೆದರು. ಬೆನ್ನಿನ ಮೂಳೆಯ ಅಂಚು ತಿಂದು ಹೋಗಿದೆಯಂತೆ. ಎದೆಯಲ್ಲಿದ್ದ ರೋಗ ಮೂಳೆಗೆ ಇಳಿದು, ಅಲ್ಲಿಂದ ಅದಕ್ಕೆ ಆತುಕೊಂಡಿರುವ ದೊಡ್ಡ ರಕ್ತನಾಳದ ಗೋಡೆಗೆ ಹತ್ತಿದೆ. ಎದೆಯಿಂದ ಕೆಳಗಿಳಿದು ಇಡೀ ಮೈಗೆ ರಕ್ತ ಒಯ್ಯುವ ನಾಳ ಅದು. ತೆಳ್ಳಗಾದ ಕಡೆ ಹಳೆಯ ಸೈಕಲ್ ಟ್ಯೂಬಿನ ಹಾಗೆ ಉಬ್ಬಿದೆ. ನಿರಿಗೆಯನ್ನು ಎತ್ತುತ್ತಿರುವುದು ಅದೇ. ಪುಸ್ತಕದಲ್ಲಿ ಓದಿದ್ದೆ, ಕೈಗೆ ಸಿಕ್ಕಿದ್ದು ಇದೇ ಮೊದಲು ಎಂದರು. ಇದಕ್ಕೆ ಔಷಧಿ ಇಲ್ಲ, ಕತ್ತರಿ ಹಾಕುವ ಜಾಗವೂ ಅಲ್ಲ. ಭಾರ ಎತ್ತಬಾರದು, ಅದರ ಮೇಲೆ ಯಾರೂ ಒತ್ತಬಾರದು. ಒತ್ತಿದರೆ ಅಂದೇ ಒಡೆಯಬಹುದು. ಒತ್ತದಿದ್ದರೂ ಒಂದು ದಿನ ಒಡೆಯುತ್ತದೆ.

ನಮ್ಮಪ್ಪ ಬಟ್ಟಿ ಕೂಡಿಸುವವರು ಎಂದು ಅಲ್ಲಿ ಹೇಳಲು ನನಗೆ ನಾಚಿಕೆಯಾಯಿತು. ಹೇಳಿದವನು ಬುರಾನುದ್ದೀನ. ಹೊರಗೆ ಬಂದ ಮೇಲೆ, ನಾಚಿಕೆಪಟ್ಟದ್ದಕ್ಕೇ ಹೆಚ್ಚು ನಾಚಿಕೆಯಾಯಿತು.

ಇದು ಬಟ್ಟಿ ಅಲ್ಲ ಅಪ್ಪಾ. ಕ್ಷಯ. ನಮ್ಮ ಕಾಗದಗಳಲ್ಲಿ ಈ ಶಬ್ದವನ್ನು ಇದೇ ಮೊದಲು ಬರೆದಿದ್ದೇನೆ. ದೌಲತರಾಯರಿಗೆ ಇದ್ದದ್ದನ್ನು ಹೇಳಿಬಿಡೋಣವೇ? ಹೋಗುವ ಸಂಬಂಧ ಹೋಗಲಿ.

ಚಂದ್ರಾಮ

---

ಅಫಜಲಪುರ
೧೦ ಮಾರ್ಚ್ ೧೯೪೧

ಚಂದ್ರಾಮನಿಗೆ,

ಕಾಗದ ಮುಟ್ಟಿತು. ಒಲೆಗೆ ಹಾಕಿದ್ದೇನೆ.

ಗುರಮ್ಮನಿಗೆ ಬಂದ ಎರಡು ಸಂಬಂಧ ಆಗಲೇ ತಿರುಗಿ ಹೋಗಿವೆ. ನಿನ್ನ ಬಟ್ಟಿ ಕೂಡಿಸುತ್ತೇನೆಂದು ಊರಿಗೆಲ್ಲ ಹೇಳಿಯಾಗಿದೆ, ಅವರಿಗೂ ಹೇಳಿಕಳಿಸಿಯಾಗಿದೆ. ನೀನು ಬರದಿದ್ದರೆ ಯಾಕೆ ಬರಲಿಲ್ಲ ಎನ್ನುತ್ತಾರೆ. ಬಾ.

ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಧರ್ಮಣ್ಣ

---

ಆಳಂದ
೨೪ ಮಾರ್ಚ್ ೧೯೪೧

ತೀರ್ಥರೂಪ ಅಪ್ಪನವರಿಗೆ,

ಅಂದು ಮನೆಯಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಬಸ್ಸಿಗೆ ಹತ್ತಿಸುವಾಗಲೂ ನೀವು ಎತ್ತಿನ ಮಾತು ಆಡಿದಿರಿ. ಆದ್ದರಿಂದ ಬರೆಯುತ್ತಿದ್ದೇನೆ.

ನೀವು ಒತ್ತುತ್ತೀರೋ ಇಲ್ಲವೋ ಎಂಬುದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ದಾರ ಹಿಡಿದು ಅಳೆದಿರಿ. ನಾಲ್ಕು ಬೆರಳು ಕಡಿಮೆ ಎಂದಿರಿ. ದೌಲತರಾಯರು ಬಗ್ಗಿ ನೋಡಿದರು, ಖಾದರಸಾಬನೂ ನೋಡಿದ. ಗುರಮ್ಮ ನನ್ನ ತಲೆಯ ಹತ್ತಿರ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಳು. ನೀವು ಬೆರಳಿನ ತುದಿಯನ್ನಷ್ಟೇ ಅದ್ದಿದಿರಿ.

ಕೈ ಇಟ್ಟಿರಿ. ನಾನು ಕಣ್ಣು ಮುಚ್ಚಿದೆ. ನಿಮ್ಮ ಮೊಳಕೈ ಆಡಿತು, ಭುಜ ಆಡಿತು, ಉಸಿರು ಕೂಡ ದಿನದ ಹಾಗೆ ಜೋರಾಯಿತು. ಅಂಗೈ ಮಾತ್ರ ಆಡಲಿಲ್ಲ. ಮಲಗಿದ ಕೂಸಿನ ಮೇಲೆ ಇಟ್ಟ ಹಾಗೆ ಇತ್ತು. ಒಳಗಿನದು ನಿಮ್ಮ ಕೈಗೆ ಬಡಿಯುತ್ತಿತ್ತು. ನೀವು ಅದನ್ನು ಕೇಳುತ್ತಾ ಕೂತಿರಿ. ಆಮೇಲೆ "ಕೂತಿತು ನೋಡ್ರಿ" ಎಂದಿರಿ.

ದೌಲತರಾಯರು ನನ್ನನ್ನು ಕೇಳಿದರು, "ಹ್ಯಾಂಗನಿಸ್ತದೋ ತಮ್ಮಾ?"

"ಹಗುರ ಆತ್ರಿ" ಅಂದೆ.

ಆ ಒಂದು ಮಾತು ಇನ್ನೂ ನಾಲಿಗೆಯ ಮೇಲೆ ಕೂತಿದೆ, ಉಗುಳಲು ಬರುತ್ತಿಲ್ಲ. ನೀವು ಎಂದೂ ಸುಳ್ಳು ಕೈ ಆಡಿಸಿದವರಲ್ಲ. ಬಟ್ಟಿ ಸರಿದಿಲ್ಲದಿದ್ದರೆ, ಏನೂ ಆಗಿಲ್ಲ ಏಳು, ರೊಟ್ಟಿ ತಿನ್ನು ಎಂದು ಬೈದು ಕಳಿಸುತ್ತಿದ್ದವರು. ನನ್ನ ದೆಸೆಯಿಂದ ಆ ಕೈ ನಾಟಕ ಮಾಡಬೇಕಾಯಿತು.

ಮರುದಿನ ಬೆಳಿಗ್ಗೆ ದೌಲತರಾಯರೂ ಅಂಗಿ ಬಿಚ್ಚಿ ಮಲಗಿದ್ದು, ಅವರ ಬಟ್ಟಿ ಕೂಡಿಸಿದ ಮೇಲೆ ಎದ್ದು ಕೂತು ಹುಡುಗಿ ನಮಗೆ ಒಪ್ಪಿಗೆ ಎಂದದ್ದು, ಇದನ್ನೆಲ್ಲ ಬುರಾನುದ್ದೀನನಿಗೆ ಹೇಳಿದೆ. "ಇನ್ನ ನಿಮ್ಮಪ್ಪಗ ಹತ್ತು ಹೆಣ್ಣಿದ್ರೂ ಚಿಂತಿ ಇಲ್ಲ" ಅಂದ. ಇಬ್ಬರೂ ನಕ್ಕೆವು. ನಗುವಾಗ ಹೊಟ್ಟೆ ಹಿಡಿದುಕೊಳ್ಳಬೇಕಾಗುತ್ತದೆ.

ಮದುವೆಗೆ ಬರುತ್ತೇನೆ. ದೂರ ಕೂರುತ್ತೇನೆ.

ಚಂದ್ರಾಮ

---

ಆಳಂದ
೧೭ ಆಗಸ್ಟ್ ೧೯೪೧

ದೊಡ್ಡವರಾದ ಧರ್ಮಣ್ಣನವರಿಗೆ ಬುರಾನುದ್ದೀನನ ಸಲಾಮು.

ನೀವು ಬಂದು ಚಂದ್ರಾಮನಿಗೆ ಮಣ್ಣು ಕೊಟ್ಟು ಹೋದ ಮೇಲೆ ನನಗೆ ಕೋಣೆಗೆ ಹೋಗಲು ಮನಸ್ಸಾಗದೆ ಅಂಗಡಿಯಲ್ಲೇ ಮಲಗುತ್ತಿದ್ದೇನೆ. ಅಂದು ಜನರ ನಡುವೆ ನಿಮಗೆ ಎಲ್ಲ ಹೇಳಲಾಗಲಿಲ್ಲ. ಮಧ್ಯಾಹ್ನ ಅವನು ಬರೆಯುತ್ತಾ ಕೂತಿದ್ದ. ಲೇಖಣಿ ಕೆಳಗಿಟ್ಟ. "ಬುರಾನಾ, ಬೆನ್ನಾಗ ಏನೋ ಹರೀತು ನೋಡು" ಅಂದ. ಮುಖ ಹಿಟ್ಟಿನ ಹಾಗೆ ಬೆಳ್ಳಗಾಯಿತು. ನನ್ನ ತೊಡೆಯ ಮೇಲೆ ಒರಗಿಸಿಕೊಂಡೆ. ಗಾಡಿ ಕಟ್ಟುವುದರೊಳಗೆ ಮುಗಿಯಿತು. ಹೆಚ್ಚು ನರಳಲಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ನಿಜ.

ಈಗ ಬರೆಯುವುದು ಬೇರೆ. ಇಲ್ಲಿ ಪೇಟೆಯಲ್ಲಿ ಒಂದು ಮಾತು ಓಡಾಡುತ್ತಿದೆ. ಹೊಟ್ಟೆಯ ಒಳಗೆ ಒಡೆದು ಸತ್ತ ಎಂದು ಹೇಗೋ ಎಲ್ಲರಿಗೂ ತಿಳಿದಿದೆ. ಅವನ ಅಪ್ಪ ಬಟ್ಟಿ ತಿಕ್ಕಿದ್ದು ನಿಮ್ಮೂರಿನವರಿಗೆಲ್ಲ ಗೊತ್ತು. ಎರಡನ್ನೂ ಕೂಡಿಸಿ, ಅಪ್ಪನೇ ತಿಕ್ಕಿ ಮಗನ ಕರುಳು ಹರಿದ ಎನ್ನುತ್ತಿದ್ದಾರೆ. ಮೊನ್ನೆ ಒಬ್ಬನ ಕೊರಳಪಟ್ಟಿ ಹಿಡಿದೆ. ಸಾಹುಕಾರರು ಬಿಡಿಸಿದರು.

ಕುಣಿಯ ಹತ್ತಿರ ನಾನು ಬಾಯಿ ತೆರೆದಾಗ ನೀವು ನನ್ನ ಮಣಿಕಟ್ಟು ಹಿಡಿದು ಹಿಸುಕಿದಿರಿ. ಅದಕ್ಕೆ ಸುಮ್ಮನಾದೆ. ಈಗ ಅಪ್ಪಣೆ ಕೊಡಿ. ಡಾಕ್ಟರರ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅಫಜಲಪುರಕ್ಕೆ ಬಂದು ನಡು ಬಜಾರಿನಲ್ಲಿ ನಿಂತು ಹೇಳುತ್ತೇನೆ.

ನಿಮ್ಮ ಮನೆಯವನೇ ಆದ
ಬುರಾನುದ್ದೀನ

---

ಅಫಜಲಪುರ
೩೦ ಆಗಸ್ಟ್ ೧೯೪೧

ಬುರಾನುದ್ದೀನನಿಗೆ ಧರ್ಮಣ್ಣನ ಆಶೀರ್ವಾದ.

ಬೇಡ ಮಗನೇ. ಬರಬೇಡ. ಅಲ್ಲಿಯೂ ಹೇಳಬೇಡ. ಗುರಮ್ಮ ಜೇವರ್ಗಿಗೆ ಹೋಗಿ ಇನ್ನೂ ನಾಲ್ಕು ತಿಂಗಳಾಗಿಲ್ಲ. ಅಣ್ಣನಿಗೆ ಕ್ಷಯವಿತ್ತು, ಅದನ್ನು ಮುಚ್ಚಿ ಹೆಣ್ಣು ಕೊಟ್ಟರು ಎಂದು ತಿಳಿದ ದಿನವೇ ಅವಳ ಗಂಟು ಹೊರಗೆ ಬೀಳುತ್ತದೆ. ತಪ್ಪು ನನ್ನದು, ಮನೆ ಬಿಡುವವಳು ಅವಳು.

ಮುಂಜಾನೆ ಈಗ ಪಡಸಾಲೆ ಖಾಲಿ. ಮೊದಲು ನಸುಕಿನಲ್ಲಿಯೇ ಕಟ್ಟೆಯ ಮೇಲೆ ನಾಲ್ಕಾರು ಮಂದಿ ಹೊಟ್ಟೆ ಹಿಡಿದು ಕೂತಿರುತ್ತಿದ್ದರು, ಯಾರದು ಮೊದಲು ಎಂದು ಜಗಳವಾಡುತ್ತಿದ್ದರು. ಈಗ ಖಾದರಸಾಬ ಕೂಡ ಆಚೆಯ ಓಣಿ ಸುತ್ತಿ ಹೋಗುತ್ತಾನೆ. ಅವನ ಮೇಲೆ ಸಿಟ್ಟಿಲ್ಲ. ನನ್ನನ್ನು ನೋಡಿದರೆ ಏನು ಮಾತಾಡಬೇಕೋ ಅವನಿಗೆ ತಿಳಿಯುತ್ತಿಲ್ಲ. ಸಂತೆಯಲ್ಲಿ ಒಬ್ಬಾಕೆ ನಾನು ಮುಟ್ಟಿದ ಬದನೆಕಾಯಿ ತೆಗೆದು ಬೇರೆ ಇಟ್ಟಳು.

ನನ್ನನ್ನು ದೊಡ್ಡವನು ಎಂದು ಬರೆದಿದ್ದೀಯ. ಹಾಗೆ ತಿಳಿಯಬೇಡ. ಮೊದಲು ಮುಚ್ಚಿದ್ದು ಮಗಳಿಗಾಗಿ ಅಲ್ಲ, ಈ ಕೈಯ ಹೆಸರಿಗಾಗಿ. ಹುಡುಗ ಗುಡ್ಡದ ಮೇಲೆ ಒಬ್ಬನೇ ಕೆಮ್ಮುತ್ತಾ ಮಲಗಿದ್ದಾಗ ನಾನು ಇಲ್ಲಿ ಮಿಲ್ಲಿನ ಕತೆ ಹೇಳುತ್ತಿದ್ದೆ, ಚೆನ್ನಾಗಿಯೇ ಹೇಳುತ್ತಿದ್ದೆ, ಜನ ಬಾಯಿ ಬಿಟ್ಟು ಕೇಳುತ್ತಿದ್ದರು. ಒಂದು ಸಲವೂ ನೋಡಲು ಹೋಗಲಿಲ್ಲ. ಹೋದರೆ ಎಲ್ಲಿಗೆ ಎಂದು ಜನ ಕೇಳುತ್ತಿದ್ದರಲ್ಲ.

ಅವನ ತಾಟು ನಿನ್ನ ಹತ್ತಿರ ಇದ್ದರೆ ಇಟ್ಟುಕೊಂಡಿರು. ಬಂದಾಗ ಒಯ್ಯುತ್ತೇನೆ.

ಧರ್ಮಣ್ಣ

---

ಅಫಜಲಪುರ
೨ ಅಕ್ಟೋಬರ್ ೧೯೪೧

ಬೀಗರಾದ ಜೇವರ್ಗಿಯ ದೌಲತರಾಯರಿಗೆ ಧರ್ಮಣ್ಣನ ಶರಣು.

ನಿಮ್ಮ ಕಾಗದ ಬಂತು. ನೇರವಾಗಿ ಕೇಳಿದ್ದೀರಿ. ಚಂದ್ರಾಮ ಸತ್ತದ್ದು ನನ್ನ ಕೈಯಿಂದ ಎಂದು ಒಂದು ಮಾತು, ಎದೆಯ ರೋಗದಿಂದ ಎಂದು ಇನ್ನೊಂದು ಮಾತು ನಿಮ್ಮ ಊರಿಗೆ ಬಂದಿದೆ, ಯಾವುದು ಖರೆ, ಎರಡನೆಯದು ಖರೆಯಾದರೆ ಸೊಸೆಯನ್ನು ಇಟ್ಟುಕೊಳ್ಳುವುದು ಕಷ್ಟ ಎಂದಿದ್ದೀರಿ.

ಮೊದಲನೆಯದು ಖರೆ. ಅಂದು ನಿಮ್ಮ ಕಣ್ಣೆದುರೇ ತಿಕ್ಕಿದೆ. ವಯಸ್ಸಾಯಿತು. ಕೈ ತಪ್ಪಿತು. ಹೆಚ್ಚು ಒತ್ತಿದೆ. ಅಂದು ಒಳಗೆ ನೊಂದದ್ದು ಐದು ತಿಂಗಳಿಗೆ ಹರಿಯಿತು.

ಈ ಕಾಗದವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿರಿ. ಗುರಮ್ಮನಿಗೂ ಓದಿ ಹೇಳಿರಿ. ನಾನು ಇನ್ನು ಯಾರ ಹೊಟ್ಟೆಯನ್ನೂ ಮುಟ್ಟುವುದಿಲ್ಲ. ಅವಳು ನನ್ನನ್ನು ನೋಡಲು ಒಲ್ಲೆ ಎಂದರೆ ಕಳಿಸಬೇಡಿರಿ.

ಧರ್ಮಣ್ಣ

---

ಜೇವರ್ಗಿ
೯ ನವೆಂಬರ್ ೧೯೪೧

ಮಾವನವರಿಗೆ ಅಳಿಯ ಖಂಡಪ್ಪನ ನಮಸ್ಕಾರ.

ನಿಮ್ಮ ಕಾಗದವನ್ನು ಅಪ್ಪ ಅಂಗಳದಲ್ಲಿ ಎಲ್ಲರಿಗೂ ಓದಿಸಿದರು. ಗುರಮ್ಮ ಕಂಬಕ್ಕೆ ಒರಗಿ ಕೇಳಿದಳು. ಆಮೇಲೆ ಒಂದು ತಿಂಗಳು ನಿಮ್ಮ ಹೆಸರನ್ನೇ ಎತ್ತಲಿಲ್ಲ. ಆಕೆಗೆ ನಿಮ್ಮ ಮೇಲೆ ಸಿಟ್ಟು ಎಂದು ಎಲ್ಲರೂ ತಿಳಿದೆವು. ನಿನ್ನೆ ಬಂದು, ಅಪ್ಪನಿಗೆ ಕಾಗದ ಬರೆಯಬೇಕು, ನಾನು ಆಡಿದ್ದನ್ನು ಆಡಿದ ಹಾಗೇ ಬರೆಯಿರಿ, ಬರೆದ ಮೇಲೆ ಮಾವನ ಎದುರಿಗೆ ಓದಿರಿ ಎಂದು ಹಟ ಹಿಡಿದಳು. ಆಕೆಯ ಮಾತು ಹೀಗಿದೆ.

"ಅಪ್ಪಾ, ನನ್ನ ಬಟ್ಟಿ ಸರದದ. ಇಲ್ಲಿ ಮುಮತಾಜ ಅನ್ನಾಕಿ ಕೂಡಸ್ತಾಳ, ಚಲೋ ಕೈ ಅಂತಾರ. ನಾ ಒಲ್ಲೆ ಅಂದೀನಿ. ನೀ ಬಾ. ಬರೂ ಮುಂದ ಆ ಎಣ್ಣಿ ಬಟ್ಟಲ ತಗೊಂಡು ಬಾ. ಅವತ್ತ ಅಣ್ಣನ ತಲಿ ಹತ್ತರ ಅದನ್ನ ಹಿಡಕೊಂಡು ನಿಂತಾಕಿ ನಾನೇ. ಒಳಗ ಒಯ್ದು ಇಟ್ಟಾಕೀನೂ ನಾನೇ. ಅದರಾಗ ಎಷ್ಟು ಎಣ್ಣಿ ಉಳದಿತ್ತಂತ ನಾ ನೋಡೀನಿ. ಇಲ್ಲಿ ಅಂಗಳದಾಗ ಎಲ್ಲಾರ ಮುಂದ ಮಲಗ್ತೀನಿ. ನೀ ಕೈ ಇಡು."

ಇಷ್ಟು. ಅಪ್ಪನ ಎದುರಿಗೆ ಓದಿದೆ. ಅವರು ಬಾಯೊಳಗಿನ ಎಲೆ ಅಡಿಕೆ ಉಗುಳಿದರು. ಆಮೇಲೆ ಆಳನ್ನು ಕರೆದು, ಹೊಳೆಯ ದಂಡೆಗೆ ಗಾಡಿ ಕಳಿಸುವುದಿದೆ, ಎತ್ತಿಗೆ ಮೇವು ಹಾಕು ಎಂದರು. ಸೋಮವಾರ ಬನ್ನಿರಿ.

ಇನ್ನೊಂದು ಮಾತು, ಇದು ನನ್ನದು. ಹೊಟ್ಟೆ ಬಹಳ ನೋಯುತ್ತಿದೆಯೇ ಎಂದು ನಮ್ಮವ್ವ ಕೇಳಿದರೆ ಗುರಮ್ಮ ಹೌದು ಎನ್ನುತ್ತಾಳೆ. ಆದರೆ ಈ ಕಾಗದ ಬರೆಸುತ್ತಾ ನನ್ನೆದುರಿಗೇ ಪುಂಡಿಪಲ್ಲೆಯ ಸಂಗಡ ಎರಡು ರೊಟ್ಟಿ ತಿಂದಿದ್ದಾಳೆ. ನನಗೇನೂ ತಿಳಿಯುತ್ತಿಲ್ಲ. ಬಂದು ನೀವೇ ಕೇಳಿರಿ.

ನಿಮ್ಮ ಅಳಿಯ
ಖಂಡಪ್ಪ